ಅಣುಗಳ ಸೆಳೆತವನ್ನು ಅರಿತ ಶಾಲಾ ಶಿಕ್ಷಕ

ಮಕ್ಕಳೇ, ಅನ್ನ ಬೇಯುವಾಗ ಮುಚ್ಚಳದ ಒಳಗೆ ನೀರಿನ ಹನಿಗಳು ಕೂಡುವುದನ್ನು ನೋಡಿದ್ದೀರಲ್ಲವೇ? ಹಬೆಯಾಗಿ ಹಾರಾಡುತ್ತಿದ್ದ ಅಣುಗಳು ಒಟ್ಟುಗೂಡಿ ಹನಿಯಾಗುವುದು ಏಕೆ? ಅನಿಲವು ದ್ರವವಾಗುವ ಈ ಗುಟ್ಟನ್ನು ಬಿಡಿಸಲು ಹೊರಟವರು ಒಬ್ಬ ಶಾಲಾ ಶಿಕ್ಷಕರು. ಅವರ ಹೆಸರು ಯೊಹಾನೆಸ್ ವಾನ್ ಡರ್ ವಾಲ್ಸ್.

ಅವರು 1837ರ ನವೆಂಬರ್ 23ರಂದು ಹಾಲೆಂಡಿನ ಲೈಡನ್ ನಗರದಲ್ಲಿ ಜನಿಸಿದರು. ತಂದೆ ಬಡಗಿ. ಹತ್ತು ಮಕ್ಕಳಲ್ಲಿ ಇವರೇ ಹಿರಿಯರು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಲೇ ಬಿಡುವಿನ ವೇಳೆಯಲ್ಲಿ ಲೈಡನ್ ವಿಶ್ವವಿದ್ಯಾಲಯಕ್ಕೆ ಹೋಗಿ ಗಣಿತ, ಭೌತಶಾಸ್ತ್ರ ಕಲಿತರು. ಆದರೆ ಲ್ಯಾಟಿನ್ ಮತ್ತು ಗ್ರೀಕ್ ಭಾಷೆ ಕಲಿಯದವರು ಪದವಿ ಪರೀಕ್ಷೆಗೆ ಕೂರುವಂತಿರಲಿಲ್ಲ. ಆದರೂ ಅವರು ಓದು ಬಿಡಲಿಲ್ಲ. ಮುಂದೆ ಆ ನಿಯಮದಿಂದ ವಿನಾಯಿತಿ ದೊರೆಯಿತು. 1873ರಲ್ಲಿ, 35ನೆಯ ವಯಸ್ಸಿನಲ್ಲಿ, ಅವರು ಡಾಕ್ಟರೇಟ್ ಪಡೆದರು.

ಅಣುಗಳು ನಿಜವಾಗಿಯೂ ಇವೆಯೇ ಎಂದು ಅನೇಕ ವಿಜ್ಞಾನಿಗಳು ಸಂಶಯಪಡುತ್ತಿದ್ದ ಕಾಲವದು. ಅನಿಲದ ಅಣುಗಳಿಗೆ ಗಾತ್ರವಿದೆ, ಅವು ಒಂದನ್ನೊಂದು ಸೆಳೆಯುತ್ತವೆ ಎಂದು ವಾನ್ ಡರ್ ವಾಲ್ಸ್ ಲೆಕ್ಕ ಹಾಕಿ ತೋರಿಸಿದರು. 1881ರಲ್ಲಿ ಪತ್ನಿ ತೀರಿಕೊಂಡಾಗ ದುಃಖದಿಂದ ಅನೇಕ ವರ್ಷ ಏನನ್ನೂ ಪ್ರಕಟಿಸಲಿಲ್ಲ. ಆಮೇಲೆ ಮತ್ತೆ ಸಂಶೋಧನೆಗೆ ಮರಳಿದರು. 1908ರಲ್ಲಿ ಹೀಲಿಯಂ ಅನಿಲವನ್ನು ಮೊದಲ ಬಾರಿಗೆ ದ್ರವವಾಗಿಸಲು ಅವರ ವಿಚಾರಗಳೇ ದಾರಿ ತೋರಿದವು. 1910ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. 1923ರಲ್ಲಿ ನಿಧನರಾದರು. ಅಣುಗಳ ನಡುವಿನ ಈ ದುರ್ಬಲ ಸೆಳೆತವನ್ನು ಇಂದಿಗೂ ವಾನ್ ಡರ್ ವಾಲ್ಸ್ ಬಲ ಎಂದೇ ಕರೆಯುತ್ತಾರೆ.

ಈ ಬಲವು ಅಣುವಿನ ಆಕಾರವನ್ನೂ ಅವಲಂಬಿಸಿದೆ ಎಂಬುದು ಮುಂದೆ ತಿಳಿಯಿತು. ಒಂದು ಚಟುವಟಿಕೆ ಮಾಡಿ ನೋಡಿ. ಜೇಡಿಮಣ್ಣಿನ ನಾಲ್ಕು ಸಮಪಾಲು ಮಾಡಿ. ಎರಡನ್ನು ಉದ್ದ ಕಡ್ಡಿಗಳಂತೆ ಹೊಸೆಯಿರಿ, ಎರಡನ್ನು ಉಂಡೆ ಕಟ್ಟಿರಿ. ಕಡ್ಡಿಗಳನ್ನು ಪಕ್ಕಪಕ್ಕ ಇಟ್ಟರೆ ಉದ್ದಕ್ಕೂ ತಾಗುತ್ತವೆ. ಉಂಡೆಗಳು ಒಂದೇ ಕಡೆ ತಾಗುತ್ತವೆ. ಅಣುಗಳೂ ಹೀಗೆಯೇ. ಹೆಚ್ಚು ಭಾಗ ಹತ್ತಿರ ಬಂದರೆ ಸೆಳೆತವೂ ಹೆಚ್ಚು.

ಪೆಂಟೇನ್ ಮತ್ತು ನಿಯೋಪೆಂಟೇನ್ ಎಂಬ ಎರಡು ವಸ್ತುಗಳಿವೆ. ಎರಡರ ಅಣುವಿನಲ್ಲೂ 5 ಕಾರ್ಬನ್, 12 ಹೈಡ್ರೋಜನ್ ಪರಮಾಣುಗಳಿವೆ. ಆದರೆ ಪೆಂಟೇನ್ ಅಣು ಉದ್ದ, ನಿಯೋಪೆಂಟೇನ್ ಅಣು ಉಂಡೆಯಂತೆ. ಒಂದು ಸುಮಾರು 36 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಇನ್ನೊಂದು ಸುಮಾರು 10 ಡಿಗ್ರಿಯಲ್ಲಿಯೇ. ಯಾವುದು ಎಷ್ಟರಲ್ಲಿ ಕುದಿಯುತ್ತದೆ? ಮಣ್ಣಿನ ಕಡ್ಡಿ, ಉಂಡೆಗಳನ್ನು ನೋಡಿ ನೀವೇ ಹೇಳಿ!