ರುಸ್ತುಂ ಎಂಬ ಹೆಸರಿನ ಹಿಂದೊಬ್ಬ ಪ್ರೊಫೆಸರ್

ಡಿಆರ್‌ಡಿಓದ ರುಸ್ತುಂ ಡ್ರೋನ್ ಗೊತ್ತುಂಟಲ್ವಾ? ಹೆಸರು ಪರ್ಷಿಯಾದ ಪುರಾಣವೀರನದ್ದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಆ ಅರ್ಥವೂ ಹೊಂದುತ್ತದೆ. ಆದರೆ ಅದರ ಹಿಂದೆ ಇರುವವರು ಬೆಂಗಳೂರಿನ ಒಬ್ಬ ಪ್ರೊಫೆಸರ್, ರುಸ್ತುಂ ದಮಾನಿಯಾ. ಐಐಎಸ್‌ಸಿಯಲ್ಲಿ ಪ್ರಾಧ್ಯಾಪಕರಾಗಿದ್ದರು, 2001ರಲ್ಲಿ ತೀರಿಕೊಂಡರು.

1980ರ ದಶಕದಲ್ಲಿ ಬೆಂಗಳೂರಿನ ಎನ್‌ಎಎಲ್‌ನಲ್ಲಿ ಅವರ ನೇತೃತ್ವದ ತಂಡ ಒಂದು ಪುಟ್ಟ ವಿಮಾನ ಕಟ್ಟಿತು. ಹೆಸರು ಲೈಟ್ ಕೆನಾರ್ಡ್ ರಿಸರ್ಚ್ ಏರ್‌ಕ್ರಾಫ್ಟ್, ಚಿಕ್ಕದಾಗಿ ಎಲ್‌ಸಿಆರ್‌ಎ. ಎಂಜಿನ್ ಹಿಂದೆ, ಮೂಗಿನ ಹತ್ತಿರ ಒಂದು ಸಣ್ಣ ರೆಕ್ಕೆ. ಈ ಮುಂದಿನ ರೆಕ್ಕೆಗೇ ಕೆನಾರ್ಡ್ ಅನ್ನುವುದು. ನಮ್ಮಲ್ಲಿ ವಿಮಾನ ಅಂದ್ರೆ ಲೋಹದ ತಗಡು, ರಿವೆಟ್ ಅಂತಿದ್ದ ಕಾಲ ಅದು. 1951ರಲ್ಲಿ ಹಾರಿದ ಎಚ್‌ಎಎಲ್‌ನ ಎಚ್‌ಟಿ-2 ಕೂಡ ಹಾಗೇ. ದಮಾನಿಯಾ ತಂಡ ಹಿಡಿದದ್ದು ಫೋಮ್, ಗ್ಲಾಸ್ ಬಟ್ಟೆ, ಇಪಾಕ್ಸಿಯ ದಾರಿ.

ಮಾದರಿ ಅಮೆರಿಕದ ಬರ್ಟ್ ರುಟಾನ್‌ರ ಲಾಂಗ್-ಈಝಿ. 1979ರಲ್ಲಿ ಮೊದಲು ಹಾರಿದ ಅದನ್ನು ಸಾಮಾನ್ಯ ಜನ ಪ್ಲಾನ್ ತರಿಸಿ ಮನೆಯ ಗ್ಯಾರೇಜಲ್ಲೇ ಕಟ್ಟುತ್ತಿದ್ದರು. ಅಚ್ಚು ಬೇಡ. ಕಾದ ತಂತಿಯಿಂದ ಫೋಮನ್ನು ರೆಕ್ಕೆಯ ಆಕಾರಕ್ಕೆ ಕೊಯ್ದು, ಮೇಲೆ ಗ್ಲಾಸ್ ಬಟ್ಟೆ ಹಾಸಿ ಇಪಾಕ್ಸಿ ಕುಡಿಸಿದರೆ ರೆಕ್ಕೆ ಆಯ್ತು. ಕೇಳಲಿಕ್ಕೆ ಎಷ್ಟು ಸುಲಭ!

ನಿಜವಾದ ಕಷ್ಟ ಆಮೇಲೆ ಶುರು. ಅಚ್ಚು ಇಲ್ಲದ್ದರಿಂದ ಮೇಲ್ಮೈ ಬಟ್ಟೆಯ ನೇಯ್ಗೆಯ ಹಾಗೆ ಒರಟಾಗಿರುತ್ತದೆ. ಬಂಟ್ವಾಳದ ಕಡೆ ಟಿಂಕರಿಂಗ್ ಶಾಪಲ್ಲಿ ಕಾರಿಗೆ ಪುಟ್ಟಿ ಹಾಕಿ ಉಜ್ಜುವುದನ್ನು ನೋಡಿದ್ದೀರಲ್ಲ, ಬಹುಪಾಲು ಅದೇ ಕೆಲಸ. ಇಲ್ಲಿ ಪುಟ್ಟಿ ಅಂದ್ರೆ ಇಪಾಕ್ಸಿಗೆ ಟೊಳ್ಳಾದ ಗಾಜಿನ ಸೂಕ್ಷ್ಮ ಗುಂಡುಗಳನ್ನು ಕಲಸಿದ ಹಗುರ ಪೇಸ್ಟ್. ಅದನ್ನು ಬಳಿದು, ಉದ್ದದ ಹಲಗೆಗೆ ಸ್ಯಾಂಡ್‌ಪೇಪರ್ ಅಂಟಿಸಿ ಉಜ್ಜಬೇಕು. ಜಾಸ್ತಿ ಉಜ್ಜಿದರೆ ಕೆಳಗಿನ ಗ್ಲಾಸ್ ಎಳೆಯೇ ಕತ್ತರಿಸಿ ಹೋಗುತ್ತದೆ, ಮತ್ತೆ ಬಲ ಎಲ್ಲಿಂದ? ಜಾಸ್ತಿ ಬಳಿದರೆ ಭಾರ. ಈ ವಿಮಾನದ ದೊಡ್ಡ ರೆಕ್ಕೆ ಹಿಂದೆ ಇರುವುದರಿಂದ ಅಲ್ಲಿ ಬಳಿದದ್ದೆಲ್ಲ ಗುರುತ್ವ ಕೇಂದ್ರವನ್ನು ಹಿಂದಕ್ಕೆ ಎಳೆಯುತ್ತದೆ. ಆಗ ಮೂಗಿಗೆ ಸೀಸ ಹೊರಿಸಬೇಕು. ಏಲೆರಾನ್, ಎಲಿವೇಟರ್‌ಗಳ ಹಿಂಚಿಗೆ ಪೇಂಟ್ ದಪ್ಪವಾದರೆ ಅವು ಗಾಳಿಯಲ್ಲಿ ಪಟಪಟ ಅದುರಿ, ಅಂದ್ರೆ ಫ್ಲಟರ್ ಆಗಿ, ಮುರಿಯಲೂಬಹುದು. ಹಾಗಾಗಿ ಪೇಂಟ್ ಆದ ಮೇಲೆ ಬ್ಯಾಲೆನ್ಸ್ ಮತ್ತೆ ನೋಡಲೇಬೇಕು.

ಇಂಥ ವಿಮಾನಗಳು ಯಾಕೆ ಯಾವಾಗಲೂ ಬಿಳಿ ಅಂತ ನನಗೆ ಡೌಟ್ ಇತ್ತು. ಫ್ಯಾಶನ್ ಅಂದುಕೊಂಡಿದ್ದೆ. ಬಿಸಿಲಲ್ಲಿ ಕಡು ಬಣ್ಣ ಎಷ್ಟು ಕಾಯುತ್ತದೆ ಅಂದ್ರೆ ಇಪಾಕ್ಸಿ, ಫೋಮ್ ಎರಡೂ ಮೆದುವಾಗುತ್ತವೆ. ಬಿಳಿ ಬಣ್ಣ ಅಲ್ಲಿ ರಚನೆಯನ್ನೇ ಕಾಯುವ ಕೆಲಸ ಮಾಡುತ್ತದೆ. ಅದರ ಕೆಳಗೆ ಅಲ್ಟ್ರಾವಯಲೆಟ್ ತಡೆಯುವ ಪ್ರೈಮರ್ ಬೇರೆ.

ಬೆಳ್ತಂಗಡಿಯವರಿಗೆ ಒಂದು ವಿಷಯ ಹೇಳಬೇಕು. ಲಾಂಗ್-ಈಝಿಯ ಹಳೆ ಕೆನಾರ್ಡಿಗೆ ಮಳೆ ಅಂದ್ರೆ ಆಗುತ್ತಿರಲಿಲ್ಲ. ಹನಿ ಕೂತರೆ ನಯವಾದ ಹರಿವು ಕೆಟ್ಟು ಲಿಫ್ಟ್ ಕಡಿಮೆ, ಮೂಗು ಕೆಳಗೆ. ಆಮೇಲೆ ಬೇರೆ ಏರ್‌ಫಾಯಿಲ್ ಬಂತು. ಚಾರ್ಮಾಡಿಯ ಜುಲೈ ಮಳೆಯಲ್ಲಿ ಆ ಹಳೆ ಕೆನಾರ್ಡಿನ ಗತಿ ಊಹಿಸಿ ಮಾರಾಯ್ರೆ! ತೇವದ ಗಾಳಿಯಲ್ಲಿ ಇಪಾಕ್ಸಿಯ ಮೇಲೆ ಮೇಣದಂಥ ಪದರವೂ ಕೂರುತ್ತದೆ. ಮೂಡುಬಿದಿರೆಯಲ್ಲಿ ಮಳೆಗಾಲದಲ್ಲಿ ಮಾಡೆಲ್ ಕಟ್ಟುವವರು ಅದನ್ನು ನೀರಲ್ಲಿ ತೊಳೆದ ಮೇಲೆಯೇ ಉಜ್ಜಿ, ಇಲ್ಲದಿದ್ರೆ ಮುಂದಿನ ಕೋಟ್ ಹಿಡಿಯುವುದಿಲ್ಲ.

ದಮಾನಿಯಾ ತೀರಿಕೊಂಡ ಮೇಲೆ ಬೆಂಗಳೂರಿನ ಎಡಿಇ ಪೈಲಟ್ ಇಲ್ಲದ ವಿಮಾನ ಮಾಡಲು ಹೊರಟಾಗ ಇದೇ ಎಲ್‌ಸಿಆರ್‌ಎಯನ್ನು ಆಧಾರವಾಗಿ ತೆಗೆದುಕೊಂಡಿತು, ಅವರ ಹೆಸರನ್ನೂ ಇಟ್ಟಿತು. ರುಸ್ತುಂ-1ರ ಮೊದಲ ಹಾರಾಟ 2009ರ ನವೆಂಬರ್‌ನಲ್ಲಿ ಹೊಸೂರಿನಲ್ಲಿ. ಇಳಿಯುವಾಗ ಅಪಘಾತವಾಯ್ತು. 2010ರಲ್ಲಿ ಸರಿಯಾಗಿ ಹಾರಿತು. ನಂತರದ ರುಸ್ತುಂ-2 ಪೂರ್ತಿ ಬೇರೆ ವಿನ್ಯಾಸ. 2016ರಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ಹಾರಿದ ಅದನ್ನು ಈಗ ತಪಸ್ ಅಂತಾರೆ. ಹೀಗೆ ಪ್ರೊಫೆಸರರ ಹೆಸರು ಹೊಸ ವಿಮಾನದಿಂದ ಜಾರಿತು. ನನಗೆ ಇದು ಸ್ವಲ್ಪ ಬೇಜಾರೇ. ಆದರೂ ರುಸ್ತುಂ-1ರ ಫೋಟೋ ಸಿಕ್ಕಿದರೆ ಮೂಗಿನ ಹತ್ತಿರ ನೋಡಿ, ಆ ಸಣ್ಣ ರೆಕ್ಕೆ ಅಲ್ಲೇ ಉಂಟು.