ಅಡಿಗಲ್ಲು ಬಿದ್ದ ಮೇಲೆ ನಕ್ಷೆ ಬದಲಿಸಿದ ಕೆಂಗಲ್

ಅಡಿಗಲ್ಲು ಇಟ್ಟ ಮೇಲೆ ನಕ್ಷೆ ಮುಟ್ಟಬಾರದು ಅಂತ ಸಿವಿಲ್ ಎಂಜಿನಿಯರಿಂಗ್ ಓದುವಾಗ ನಮಗೆ ಪದೇ ಪದೇ ಹೇಳುತ್ತಿದ್ದರು. ಪಾಯ, ಕಲ್ಲು, ಕೂಲಿ, ಎಸ್ಟಿಮೇಟು ಎಲ್ಲದರ ಲೆಕ್ಕವೂ ಆ ಹಾಳೆಯ ಮೇಲೇ ನಿಂತಿರುತ್ತೆ. ಕೆಂಗಲ್ ಹನುಮಂತಯ್ಯ ಆ ಹಾಳೆಯನ್ನೇ ಬದಲಿಸಿದರು.

ಹುಟ್ಟಿದ್ದು 1908ರಲ್ಲಿ, ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯಲ್ಲಿ. ಮೈಸೂರಿನ ಮಹಾರಾಜ ಕಾಲೇಜು, ಪುಣೆಯಲ್ಲಿ ಕಾನೂನು, ಆಮೇಲೆ ವಕೀಲಿಕೆ, ಕಾಂಗ್ರೆಸ್ಸು, ಜೈಲು. ಆ ತಲೆಮಾರಿನ ನಾಯಕರ ಬದುಕು ಇಲ್ಲಿವರೆಗೆ ಹೆಚ್ಚುಕಮ್ಮಿ ಒಂದೇ ತರ. ಇವರ ಕಥೆ ಬೇರೆಯಾಗೋದು 1952ರಿಂದ.

ವಿಧಾನಸೌಧಕ್ಕೆ ನೆಹರೂ ಅಡಿಗಲ್ಲು ಇಟ್ಟಿದ್ದು 1951ರ ಜುಲೈ 13ರಂದು. ಆಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ನಕ್ಷೆಯಲ್ಲಿದ್ದದ್ದು ಸರಳವಾದ ಒಂದು ಕಚೇರಿ ಕಟ್ಟಡ. ಮರುವರ್ಷ ಅಧಿಕಾರಕ್ಕೆ ಬಂದ ಹನುಮಂತಯ್ಯನವರಿಗೆ ಅದು ಹಿಡಿಸಲಿಲ್ಲ. ಎದುರಿಗೇ ಬ್ರಿಟಿಷ್ ಕಮಿಷನರುಗಳ ಕಾಲದ ಕೆಂಪು ಅಠಾರಾ ಕಚೇರಿ, ಅದಕ್ಕೆ ಗ್ರೀಕ್ ಮಾದರಿಯ ಕಂಬಗಳು. ಜನ ಆರಿಸಿದ ಸರ್ಕಾರದ ಕಟ್ಟಡ ಅದರ ಮುಂದೆ ಕುಗ್ಗಿ ನಿಲ್ಲಬಾರದು ಅನ್ನೋದು ಅವರ ಹಟ.

ಸರ್ಕಾರಿ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಹೊಸ ನಕ್ಷೆ ಬರೆಸಿದರು. ಉದ್ದ 700 ಅಡಿ, ಅಗಲ 350 ಅಡಿ. ದ್ರಾವಿಡ ಗುಡಿಯ ಕಂಬ, ಬೋದಿಗೆ, ನಡುವೆ ಗುಮ್ಮಟ, ಪೂರ್ವದ ಮೆಟ್ಟಿಲ ಮೇಲೆ 40 ಅಡಿಯ 12 ಕಲ್ಲುಕಂಬ. ಮುಖಭಾಗ ಬದಲಾದರೆ ಒಳಗಿನ ಪ್ಲ್ಯಾನೂ ಬದಲಾಗುತ್ತೆ. ಗ್ರಾನೈಟ್ ಬಂದರೆ ಪಾಯದ ಮೇಲಿನ ಭಾರವೂ ಏರುತ್ತೆ. ಒಬ್ಬ ವಕೀಲ ರಾಜಕಾರಣಿಯ ಹಟಕ್ಕೆ ಎಂಜಿನಿಯರುಗಳು ಎಷ್ಟು ಹಾಳೆ ಹರಿದು ಮತ್ತೆ ಬರೆದಿರಬಹುದು ಅಂತ ಯೋಚಿಸಿದರೇ ನನಗೆ ಸುಸ್ತಾಗುತ್ತೆ. ಸಾವಿರಾರು ಕೂಲಿಗಳು, ಕಲ್ಲುಕುಟಿಗರು ದುಡಿದರು. ಅವರಲ್ಲಿ ಜೈಲಿನ ಕೈದಿಗಳೂ ಇದ್ದರು.

ಖರ್ಚು ಸುಮಾರು 1.75 ಕೋಟಿ ರೂಪಾಯಿಗೆ ಹೋಯಿತು. ಬಡ ರಾಜ್ಯಕ್ಕೆ ಇಷ್ಟು ದೊಡ್ಡ ಕಟ್ಟಡ ಯಾಕೆ ಅಂತ ಕೇಳಿದವರದು ತಪ್ಪಲ್ಲ. ಅದರ ಮೇಲೆ ತನಿಖೆಯೂ ಆಯಿತು. ಸ್ವಂತ ಪಕ್ಷದವರೇ ತಿರುಗಿಬಿದ್ದರು, 1956ರ ಆಗಸ್ಟಿನಲ್ಲಿ ಕುರ್ಚಿ ಹೋಯಿತು.

ನಾನು ಗೋಕಾಕ ತಾಲೂಕಿನ ಅಂಕಲಗಿಯವ. ಆಗ ನಮ್ಮೂರು ಮುಂಬೈ ರಾಜ್ಯದಲ್ಲಿತ್ತು, ಸರ್ಕಾರ ಅಂದ್ರ ನಮ್ ಕಡೆ ಮುಂಬೈನೇ. ಏಕೀಕರಣ ಬೇಡ ಅಂದವರು ಹಳೇ ಮೈಸೂರಿನಲ್ಲಿ, ಹನುಮಂತಯ್ಯನವರ ಸುತ್ತಲೇ, ಬೇಕಾದಷ್ಟಿದ್ದರು. ಅವರ ಮಾತು ಮೀರಿ ಇವರು ಏಕೀಕರಣದ ಪರ ನಿಂತರು. ಹಳೇ ಮೈಸೂರಿಗಾಗಿ ಶುರುವಾದ ಕಟ್ಟಡಕ್ಕೆ ನವೆಂಬರ್ 1ರಂದು ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿ, ರಾಯಚೂರು, ಮಂಗಳೂರಿನ ಕಡತಗಳೂ ಬಂದವು. ಹಳೇ ನಕ್ಷೆಯ ಕಟ್ಟಡದಲ್ಲಿ ಇವೆಲ್ಲ ಹಿಡಿಸುತ್ತಿರಲಿಲ್ಲ ಅಂತ ನನ್ನ ಅಂದಾಜು. ಆದರೆ ಅಷ್ಟೊತ್ತಿಗೆ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಕಟ್ಟಿಸಿದವರು ಅಲ್ಲಿ ಕೂತು ಒಂದಾದ ರಾಜ್ಯವನ್ನು ಆಳಲಿಲ್ಲ.

ಒಂದು ತಕರಾರು ನನಗೂ ಇದೆ. ಸರ್ಕಾರದ ಕೆಲಸವನ್ನು ದೇವರ ಕೆಲಸಕ್ಕೆ ಹೋಲಿಸಿದ ಸಾಲು ಆ ಮುಂಭಾಗದಲ್ಲಿದೆ. ನೌಕರನಿಗೆ ಭಯಭಕ್ತಿ ಇರಲಿ ಅನ್ನೋ ಉದ್ದೇಶವೇ ಇರಬಹುದು. ಆದರೆ ಗುಡಿಯ ಹಾಗೆ ಕಟ್ಟಿದ ಕಚೇರಿಯ ಮೆಟ್ಟಿಲ ಹತ್ತಿರ ಉತಾರ ಹಿಡಿದು ನಿಂತ ರೈತ ತಾನೇ ಭಕ್ತನಾಗಿಬಿಡುತ್ತಾನೆ. ಹಕ್ಕು ಕೇಳೋಕೆ ಬಂದವ ವರ ಬೇಡೋಕೆ ಶುರು ಮಾಡ್ತಾನೆ.

ಹನುಮಂತಯ್ಯನವರಿಗೂ ಕಚೇರಿಯ ಒಳಗಿನ ರೋಗ ಗೊತ್ತಿತ್ತು ಅಂತ ಕಾಣುತ್ತೆ. 1967ರಲ್ಲಿ ಮೊರಾರ್ಜಿ ದೇಸಾಯಿ ಬಿಟ್ಟ ಮೇಲೆ ಕೇಂದ್ರದ ಆಡಳಿತ ಸುಧಾರಣಾ ಆಯೋಗಕ್ಕೆ ಅಧ್ಯಕ್ಷರಾಗಿ, ಸರ್ಕಾರಿ ಯಂತ್ರವನ್ನೇ ರಿಪೇರಿ ಮಾಡುವ ವರದಿಗಳನ್ನು ಕೊಟ್ಟರು. 1971ರಲ್ಲಿ ರೈಲ್ವೆ ಸಚಿವರಾದರು. 1977ರ ಚುನಾವಣೆಯಲ್ಲಿ ಸೋತರು. 1980ರ ಡಿಸೆಂಬರ್ 1ರಂದು ತೀರಿಕೊಂಡರು.

2012ರಲ್ಲಿ ನಮ್ಮ ಬೆಳಗಾವಿಗೂ ಒಂದು ಸುವರ್ಣ ವಿಧಾನಸೌಧ ಬಂತು, ಗುಮ್ಮಟ ಸಮೇತ. ಚಳಿಗಾಲದ ಅಧಿವೇಶನಕ್ಕೆ ಮಂತ್ರಿಗಳು ಬರ್ತಾರೆ, ಹೋಗ್ತಾರೆ. ಅಂಕಲಗಿಯವನ ಅರ್ಜಿ ತಹಶೀಲ್ದಾರ ಕಚೇರಿ ದಾಟಿತು ಅಂದ್ರ ಈಗಲೂ ಬೆಂಗಳೂರಿನ ಬಸ್ಸೇ ಹತ್ತಬೇಕು.