ಸುರಪುರದ ದೊರೆ ರಾಜಾ ವೆಂಕಟಪ್ಪನಾಯಕರು

ಶ್ರೀ ವೇಣುಗೋಪಾಲಸ್ವಾಮಿಯ ದರ್ಶನಕ್ಕೆ ಬಂದ ಭಕ್ತರು ಗುಡ್ಡದ ಮೇಲಿನ ಟೇಲರ್ ಮಂಜಿಲನ್ನೂ ನೋಡಿ ಹೋಗಬೇಕು. ಸುರಪುರದ ಕೊನೆಯ ದೊರೆಯ ಬಾಲ್ಯದ ನೆನಪು ಅಲ್ಲಿದೆ.

ಬೇಡ ದೊರೆಮನೆತನದ ವೆಂಕಟಪ್ಪನಾಯಕರು ಹುಟ್ಟಿದ್ದು 1834ರಲ್ಲಿ. ತಂದೆ ಕೃಷ್ಣಪ್ಪನಾಯಕರು ತೀರಿಕೊಂಡಾಗ ಇನ್ನೂ ಏಳು ವರ್ಷದ ಕೂಸು. ಸಂಸ್ಥಾನದ ಉಸ್ತುವಾರಿಗೆ ಬಂದ ಮೆಡೋಸ್ ಟೇಲರ್ ಸಾಹೇಬರೇ ಓದು ಕಲಿಸಿ ಬೆಳೆಸಿದರು. ಹುಡುಗ ಅವರನ್ನು ಅಪ್ಪಾ ಅಂತಲೇ ಕರೀತಿದ್ದ. ಇಪ್ಪತ್ತನಾಲ್ಕನೇ ವರ್ಷಕ್ಕೆ ಮೃತ್ಯು ಕಂಟಕವಿದೆ ಎಂಬ ಜಾತಕದ ಗುಟ್ಟೂ ಸಾಹೇಬರಿಗೆ ಗೊತ್ತಿತ್ತು.

1853ರಲ್ಲಿ ಅಧಿಕಾರ ಕೈಗೆ ಬಂತು. ಐದೇ ವರ್ಷ! 1858ರ ಫೆಬ್ರವರಿಯಲ್ಲಿ ಇಂಗ್ಲಿಷರ ದಂಡು ಊರ ಮೇಲೆ ಬಂದಾಗ ಬೇಡಪಡೆ ಎದೆಕೊಟ್ಟು ನಿಂತಿತು. ಕ್ಯಾಪ್ಟನ್ ನ್ಯೂಬೆರಿ ಬಿದ್ದ. ಆದರೂ ಕೋಟೆ ಉಳಿಯಲಿಲ್ಲ. ಹೈದರಾಬಾದಿಗೆ ಹೋದ ದೊರೆ ಅಲ್ಲಿ ಸೆರೆಯಾದರು. ಜೊತೆಗಾರರ ಹೆಸರು ಹೇಳಿದರೆ ಜೀವ ಉಳಿದೀತು ಎಂದಾಗ ಒಂದೂ ಹೆಸರು ಹೇಳಲಿಲ್ಲ. ಕಳ್ಳನಂತೆ ನೇಣಿಗೆ ಹಾಕುವುದು ಬೇಡ, ತೋಪಿನ ಬಾಯಿಗೆ ಕಟ್ಟಲಿ ಅಂತ ಮಾತ್ರ ಕೇಳಿಕೊಂಡರು.

ಕಡೆಗೆ ಶಿಕ್ಷೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಜಾತಕ ಸುಳ್ಳಾಯಿತೆಂದು ಟೇಲರ್ ಸಾಹೇಬರು ನಿಟ್ಟುಸಿರುಬಿಟ್ಟರು. ಚೆಂಗಲಪಟ್ಟು ಸೆರೆಮನೆಗೆ ಒಯ್ಯುವ ದಾರಿಯಲ್ಲಿ, 1858ರ ಮೇ ತಿಂಗಳಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗಲಿ ದೊರೆ ಅಸುನೀಗಿದರು. ತಾವೇ ಹಾರಿಸಿಕೊಂಡರು ಅಂತ ಸರ್ಕಾರದ ಕಾಗದ. ಕೊಂದರು ಅನ್ನುವವರು ಊರಲ್ಲಿ ಇವತ್ತಿಗೂ ಇದ್ದಾರೆ. ಆಗ ಅವರಿಗೆ ಇಪ್ಪತ್ತನಾಲ್ಕು.